ಕುಳ್ಳಗಿರುವವರು ಬೈಕ್ ಓಡಿಸಬಾರದೇ? ಗಾಡಿ ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

“ನೀನು ಕುಳ್ಳಿ, ನಿನಗೆ ಸ್ಕೂಟಿಯೇ ಸರಿ.” “ಎರಡೂ ಕಾಲು ಪೂರ್ತಿ ನೆಲಕ್ಕೆ ಊರದಿದ್ದರೆ ಆ ಬೈಕ್ ತಗೋಬೇಡ.” “ಭಾರದ ಗಾಡಿ ರೋಡ್ ಹಿಡಿದು ಹೋಗುತ್ತೆ, ಹೊಸಬರಿಗೆ ಅದೇ ಸೇಫ್.”

ಹೊಸದಾಗಿ ಬೈಕ್ ಕಲಿಯುವವರಿಗೆ ಇಂಥ ಮಾತು ಮನೆಯಲ್ಲೂ ಸಿಗುತ್ತದೆ, ಮೊಬೈಲ್‌ಗೂ ಬರುತ್ತದೆ. ಸವಳಂಗದಂಥ ಊರಿನಲ್ಲಿ ಇದು ಶೋಕಿಯ ಪ್ರಶ್ನೆಯಲ್ಲ. ಸುತ್ತಲಿನ ಹಳ್ಳಿಗಳಿಂದ ನ್ಯಾಮತಿಗೋ ಶಿವಮೊಗ್ಗಕ್ಕೋ ಶಿಕಾರಿಪುರಕ್ಕೋ ಹೋಗಬೇಕಾದರೆ ಬಸ್ಸಿನ ಹೊತ್ತಿಗೆ ಕಾಯಬೇಕು. ಮನೆ ಮುಂದೆ ಬೈಕ್ ನಿಂತಿದ್ದರೂ “ನನ್ನ ಎತ್ತರ ಸಾಲದು” ಎಂದುಕೊಂಡು ಕೈಬಿಟ್ಟವರಿದ್ದಾರೆ. ಎತ್ತರಕ್ಕೆ ಹೊಂದದ ಭಾರದ ಗಾಡಿ ಕೊಂಡು, ನಿಲ್ಲಿಸುವಾಗ ಬಿದ್ದು ಕಾಲು ಮುರಿದುಕೊಳ್ಳುವವರೂ ಇದ್ದಾರೆ. ಹಾಗಾದರೆ ನಿಜ ಏನು?

ಮಾತು 1: ಕುಳ್ಳಗಿರುವವರಿಗೆ ಬೈಕ್ ಆಗುವುದಿಲ್ಲ

ತಪ್ಪು. 1988ರ ಮೋಟಾರು ವಾಹನ ಕಾಯ್ದೆ ಸವಾರರಿಗೆ ಕನಿಷ್ಠ ವಯಸ್ಸು ಹೇಳುತ್ತದೆ, ಕನಿಷ್ಠ ಎತ್ತರ ಹೇಳುವುದಿಲ್ಲ. ಸ್ಪೇನ್‌ನ ಡ್ಯಾನಿ ಪೆಡ್ರೋಸಾ ಅವರ ಎತ್ತರ ಸುಮಾರು 158 ಸೆಂ.ಮೀ., ಅಂದರೆ 5 ಅಡಿ 2 ಇಂಚು. ಅವರು 2003ರಿಂದ 2005ರವರೆಗೆ ಸತತ ಮೂರು ವರ್ಷ ಸಣ್ಣ ವಿಭಾಗಗಳ ವಿಶ್ವ ಚಾಂಪಿಯನ್ ಆದರು. ಆಮೇಲೆ ಮೋಟೋಜಿಪಿಯಲ್ಲಿ 31 ರೇಸ್ ಗೆದ್ದರು.

ಗಾಡಿ ಓಡುತ್ತಿರುವಾಗ ಕಾಲು ಫುಟ್‌ರೆಸ್ಟ್ ಮೇಲಿರುತ್ತದೆ, ಎತ್ತರದ ತೊಂದರೆ ಬಹುತೇಕ ಇಲ್ಲ. ತೊಂದರೆ ಇರುವುದು ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ.

ಮಾತು 2: ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲೇಬೇಕು

ತಾಗಿದರೆ ಹೊಸಬರಿಗೆ ಧೈರ್ಯ ಬರುತ್ತದೆ, ನಿಜ. ಆದರೆ ಕಡ್ಡಾಯವಲ್ಲ. ನಿಲ್ಲಿಸುವಾಗ ಎಡಗಾಲು ಗಟ್ಟಿಯಾಗಿ ಊರಿ, ಬಲಗಾಲನ್ನು ಹಿಂದಿನ ಬ್ರೇಕ್ ಮೇಲೆ ಇಡುವುದೇ ಸರಿಯಾದ ಅಭ್ಯಾಸ. ಸೀಟಿನಲ್ಲಿ ಸ್ವಲ್ಪ ಎಡಕ್ಕೆ ಜರುಗಿದರೆ ಎಡಪಾದ ಇನ್ನೂ ಚೆನ್ನಾಗಿ ಊರುತ್ತದೆ. ಹೊಸಬರು ಒಂದು ಪಾದವಾದರೂ ಪೂರ್ತಿ ಊರುವಂತೆ, ಎರಡೂ ಕಾಲು ಇಳಿಬಿಟ್ಟರೆ ಎರಡೂ ಮುಂಗಾಲು ತಾಗುವಂತೆ ನೋಡಿಕೊಂಡರೆ ಸಾಕು.

ಕಂಪನಿ ಹೇಳುವ ಸೀಟಿನ ಎತ್ತರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕಾರಣ ಎರಡು. ನೀವು ಕೂತಾಗ ಸಸ್ಪೆನ್ಷನ್ ಸ್ವಲ್ಪ ಕುಗ್ಗಿ ಸೀಟು ಕೆಳಗಿಳಿಯುತ್ತದೆ. ಸೀಟು ಅಗಲವಾಗಿದ್ದರೆ ಮಾತ್ರ ತೊಡೆ ಹೊರಕ್ಕೆ ಚಾಚಿ, ಕಾಲಿನ ಉದ್ದ ಅಲ್ಲೇ ಖರ್ಚಾಗುತ್ತದೆ. ಹಾಗಾಗಿ ಒಂದೇ ಎತ್ತರದ ಎರಡು ಸೀಟುಗಳಲ್ಲಿ, ಮುಂಭಾಗ ಕಿರಿದಾಗಿರುವುದು ಕುಳ್ಳಗಿರುವವರಿಗೆ ಅನುಕೂಲ.

ಮಾತು 3: ಭಾರದ ಗಾಡಿ ಹೊಸಬರಿಗೆ ಸೇಫ್

ಇದೇ ಹೆಚ್ಚು ಅಪಾಯದ ಮಾತು. ವೇಗವಾಗಿ ಹೋಗುವಾಗ ಭಾರದ ಗಾಡಿ ಗಾಳಿಗೆ ಕಡಿಮೆ ಅಲುಗಬಹುದು. ಆದರೆ ಹೊಸಬರು ಬೀಳುವುದು ಹೆಚ್ಚಾಗಿ ನಿಧಾನವಾಗಿರುವಾಗ.

ಒಂದು ಅಂದಾಜು ಲೆಕ್ಕ ಮಾಡೋಣ. ನೆಟ್ಟಗೆ ನಿಂತ ಬೈಕ್ ಹಿಡಿಯಲು ಬಲವೇ ಬೇಡ. ವಾಲಿದಷ್ಟೂ ಭಾರ ಕೈಗೆ ಬರುತ್ತದೆ. 20 ಡಿಗ್ರಿ ವಾಲಿದಾಗ ಗಾಡಿಯ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ಬಲ ಪಕ್ಕಕ್ಕೆ ತಳ್ಳುತ್ತದೆ. ಹ್ಯಾಂಡಲ್ ಎತ್ತರದಲ್ಲಿರುವುದರಿಂದ ಅದರ ಅರ್ಧದಷ್ಟು ಬಲ ಹಾಕಿದರೆ ತಡೆಯಬಹುದು. 112 ಕಿಲೋ ಗಾಡಿಗೆ ಇದು ಸುಮಾರು 19 ಕಿಲೋ, 195 ಕಿಲೋ ಗಾಡಿಗೆ ಸುಮಾರು 33 ಕಿಲೋ. ಅದೇ ಭಾರದ ಗಾಡಿ ಬರೀ 5 ಡಿಗ್ರಿ ವಾಲಿದ್ದರೆ 8–9 ಕಿಲೋ ಸಾಕು.

ಎತ್ತರಕ್ಕೂ ಭಾರಕ್ಕೂ ಇರುವ ಸಂಬಂಧ ಇಲ್ಲಿದೆ. ಕಾಲು ಚಿಕ್ಕದಾಗಿದ್ದರೆ ಗಾಡಿ ಹೆಚ್ಚು ವಾಲಿದ ಮೇಲೆಯೇ ಪಾದ ನೆಲಕ್ಕೆ ಸಿಗುತ್ತದೆ, ಅಷ್ಟರಲ್ಲಿ ಭಾರ ಬೆಳೆದಿರುತ್ತದೆ. ಆದ್ದರಿಂದ ಕುಳ್ಳಗಿರುವವರು ಸೀಟಿನ ಎತ್ತರದ ಜೊತೆ ತೂಕವನ್ನೂ ನೋಡಲೇಬೇಕು.

ಕೆಲವು ಗಾಡಿಗಳ ಅಳತೆ

ಕಂಪನಿಗಳು ಕೊಟ್ಟ ಅಳತೆ ಇದು. ಮಾಡೆಲ್ ಮತ್ತು ವರ್ಷಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ. ತೂಕ ಪೆಟ್ರೋಲ್ ಸೇರಿಸಿ.

- ಹೋಂಡಾ ಶೈನ್ 100: ಸೀಟು 786 ಮಿ.ಮೀ., ತೂಕ 99 ಕಿಲೋ
- ಹೀರೋ ಸ್ಪ್ಲೆಂಡರ್ ಪ್ಲಸ್: 785 ಮಿ.ಮೀ., 112 ಕಿಲೋ
- ಬಜಾಜ್ ಪಲ್ಸರ್ 150: 785 ಮಿ.ಮೀ., 148 ಕಿಲೋ
- ಬಜಾಜ್ ಅವೆಂಜರ್ 160: 737 ಮಿ.ಮೀ., 156 ಕಿಲೋ
- ರಾಯಲ್ ಎನ್‌ಫೀಲ್ಡ್ ಹಂಟರ್ 350: 790 ಮಿ.ಮೀ., 181 ಕಿಲೋ
- ರಾಯಲ್ ಎನ್‌ಫೀಲ್ಡ್ ಮೀಟಿಯರ್ 350: 765 ಮಿ.ಮೀ., 191 ಕಿಲೋ
- ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350: 805 ಮಿ.ಮೀ., 195 ಕಿಲೋ

ಸ್ಪ್ಲೆಂಡರ್ ಮತ್ತು ಪಲ್ಸರ್ ಸೀಟು ಒಂದೇ ಎತ್ತರ, ತೂಕದಲ್ಲಿ 36 ಕಿಲೋ ವ್ಯತ್ಯಾಸ. ಮೀಟಿಯರ್ ಸೀಟು ಸ್ಪ್ಲೆಂಡರ್‌ಗಿಂತ ತಗ್ಗು, ಆದರೆ ತೂಕ 79 ಕಿಲೋ ಹೆಚ್ಚು. ಅವೆಂಜರ್ ಸೀಟು ತುಂಬಾ ತಗ್ಗು, ಆದರೆ ಗಾಡಿ ಉದ್ದ ಮತ್ತು ಕಾಲಿಡುವ ಜಾಗ ಮುಂದಿರುವುದರಿಂದ ಕಿರಿದಾದ ಜಾಗದಲ್ಲಿ ತಿರುಗಿಸಲು ರೂಢಿ ಬೇಕು. ಕಲಿಯಲು 100–125 ಸಿಸಿಯ ಹಗುರ ಬೈಕೇ ಒಳ್ಳೆಯದು. ಕೈ ಪಳಗಿದ ಮೇಲೆ ದೊಡ್ಡದಕ್ಕೆ ಹೋಗಬಹುದು.

ನಮ್ಮ ರಸ್ತೆಯಲ್ಲಿ ಎಡಗಾಲಿನ ಸಮಸ್ಯೆ

ಶೋರೂಮ್‌ನ ನೆಲ ಸಮತಟ್ಟು, ಹಳ್ಳಿಯ ರಸ್ತೆ ಹಾಗಿಲ್ಲ. ಮಳೆನೀರು ಹರಿಯಲೆಂದು ಡಾಂಬರನ್ನು ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಅಂಚು ದಾಟಿದರೆ ಮಣ್ಣು ಇನ್ನೂ ತಗ್ಗು. ನಾವು ಓಡಿಸುವುದು ಎಡಬದಿಯಲ್ಲಿ, ಊರುವುದೂ ಎಡಗಾಲು. ಡಾಂಬರಿನ ತುದಿಯಲ್ಲಿ ನಿಲ್ಲಿಸಿದರೆ ಶೋರೂಮ್‌ನಲ್ಲಿ ತಾಗಿದ ಪಾದ ಇಲ್ಲಿ ತಾಗುವುದಿಲ್ಲ. ಜಲ್ಲಿ, ಕೆಸರು, ಸುಗ್ಗಿಯಲ್ಲಿ ರಸ್ತೆಗೆ ಹರವಿದ ಮೆಕ್ಕೆಜೋಳದ ಕಾಳಿನ ಮೇಲೆ ಪಾದ ಇಟ್ಟರೆ ಜಾರುತ್ತದೆ. ಅದಕ್ಕೇ ನಿಲ್ಲಿಸುವ ಮೊದಲು ಎಡಗಾಲು ಬೀಳುವ ಜಾಗ ನೋಡಿ. ಒಂದೋ ಡಾಂಬರಿನ ಮೇಲೆಯೇ ಅಂಚಿನಿಂದ ಸ್ವಲ್ಪ ಒಳಗೆ ನಿಲ್ಲಿಸಿ, ಇಲ್ಲವೇ ಸಮತಟ್ಟಾದ ಜಾಗದವರೆಗೆ ಹೋಗಿ ನಿಲ್ಲಿಸಿ.

ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ

1. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ಒಂದು ಪುಸ್ತಕ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ದೇಹದ ಎತ್ತರಕ್ಕಿಂತ ಈ ಕಾಲಿನ ಅಳತೆ ಮುಖ್ಯ. ಒಂದೇ ಎತ್ತರದ ಇಬ್ಬರಲ್ಲಿ ಇದು ಬೇರೆ ಬೇರೆ ಇರಬಹುದು.
2. ದಿನಾ ಹಾಕುವ ಬಟ್ಟೆ, ಶೂ ಹಾಕಿಕೊಂಡೇ ಹೋಗಿ. ದಪ್ಪ ಅಟ್ಟೆಯ ಶೂ 2–3 ಸೆಂ.ಮೀ. ಕೊಡುತ್ತದೆ.
3. ಕೂತು, ಸೈಡ್ ಸ್ಟ್ಯಾಂಡ್ ತೆಗೆದು ಗಾಡಿಯನ್ನು ನೆಟ್ಟಗೆ ಮಾಡಿ ನೋಡಿ. ಆಮೇಲೆ ಕೂತಲ್ಲಿಂದಲೇ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ.
4. ಕ್ಲಚ್ ಮತ್ತು ಬ್ರೇಕ್ ಲಿವರ್‌ಗೆ ಬೆರಳು ಸಲೀಸಾಗಿ ಸಿಗಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗಲೂ ಎರಡೂ ಕೈ ತಲುಪಬೇಕು.
5. ಬ್ರೇಕ್ ವಿಚಾರಿಸಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವುಗಳಲ್ಲಿ ಕನಿಷ್ಠ ಸಿಬಿಎಸ್ ಇರಬೇಕು. ಹಳೆಯ ಗಾಡಿ ಕೊಳ್ಳುವಾಗ ಇದು ಇರಲಿಕ್ಕಿಲ್ಲ.

ಸಸ್ಪೆನ್ಷನ್ ತಗ್ಗಿಸಿದರೆ ಆಗದೇ?

ಮೊದಲ ಉಪಾಯ ಅದಾಗಬಾರದು. ಗಾಡಿ ತಗ್ಗಿದರೆ ತಳ ಹಂಪ್‌ಗೆ ತಾಗುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾದಂತಾಗಿ ಗಾಡಿ ತೀರಾ ನೆಟ್ಟಗೆ ನಿಂತು ಇನ್ನೊಂದು ಬದಿಗೆ ಬೀಳಬಹುದು. ತಿರುವಿನಲ್ಲಿ ಹಿಡಿತವೂ ಬದಲಾಗುತ್ತದೆ. ವಾಹನದ ಮೂಲ ರಚನೆ ಬದಲಿಸುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧ ಹಾಕಿದೆ. ಇದಕ್ಕಿಂತ ಸೀಟಿನ ಫೋಮ್ ಮುಂಭಾಗದಲ್ಲಿ ಸ್ವಲ್ಪ ಕಿರಿದು ಮಾಡಿಸುವುದು ಕಡಿಮೆ ಖರ್ಚಿನ, ಬೇಕಾದರೆ ಹಿಂದಕ್ಕೆ ಸರಿಪಡಿಸಬಹುದಾದ ದಾರಿ.

ಮೊದಲ ತಿಂಗಳು

ಎಲ್‌ಎಲ್‌ಆರ್ ಇಲ್ಲದೆ ರಸ್ತೆಗೆ ಇಳಿಯಬೇಡಿ. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಆ ದಿನಗಳಲ್ಲಿ ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸುವುದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಗಾಡಿ ತಕ್ಷಣ ವಾಲುತ್ತದೆ. ಮೊದಲು ಹ್ಯಾಂಡಲ್ ನೇರ ಮಾಡಿ, ಆಮೇಲೆ ನಿಲ್ಲಿಸಿ. ಗಾಡಿ ಕೈಮೀರಿ ಬೀಳುತ್ತಿದ್ದರೆ ಹಿಡಿಯಲು ಹೋಗಬೇಡಿ, ಬಿಟ್ಟು ದೂರ ಸರಿಯಿರಿ. ಲಿವರ್ ಮುರಿದರೆ ಹೊಸದು ಸಿಗುತ್ತದೆ, ಕಾಲು ಸಿಗುವುದಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಿ.

ಗೇರ್ ಬೈಕ್‌ಗೆ 18 ತುಂಬಿರಬೇಕು. “ಕಾಲು ತಾಗುತ್ತೆ, ಓಡಿಸಲಿ” ಎಂದು ಮಕ್ಕಳ ಕೈಗೆ ಕೀ ಕೊಟ್ಟು, ಅವರು ತಪ್ಪೆಸಗಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ.

ಒಟ್ಟಿನಲ್ಲಿ

ಬೈಕ್ ಆರಿಸುವಾಗ ಸೀಟಿನ ಎತ್ತರ, ಸೀಟಿನ ಅಗಲ, ಗಾಡಿಯ ತೂಕ ಮೂರನ್ನೂ ಒಟ್ಟಿಗೆ ನೋಡಿ. “ನಿನ್ನ ಎತ್ತರಕ್ಕೆ ಆಗಲ್ಲ” ಎಂದು ಯಾರಿಗಾದರೂ ಹೇಳುವ ಮುಂಚೆ, ಒಂದು ಹಗುರ ಬೈಕ್ ಮೇಲೆ ಕೂರಿಸಿ, ಎಡಗಾಲು ಊರಲು ಹೇಳಿ ನೋಡಿ.