ಗಡಸು ಲೇಪನ ಮತ್ತು ಗುಳ್ಳೆಯ ಪೆಟ್ಟು: ಕ್ಯಾವಿಟೇಶನ್ ಸವೆತದ ಬಗ್ಗೆ ಒಂದು ಮರುಚಿಂತನೆ

ದುರಸ್ತಿಗೆಂದು ನೀರು ಬಸಿದ ಟರ್ಬೈನಿನೊಳಗೆ ಇಳಿದವರಿಗೆ ಅಲಗಿನ ಬೆನ್ನು ಕೆಲವೆಡೆ ನೀರುದೋಸೆಯಂತೆ ತೂತುತೂತಾಗಿ ಕಾಣುತ್ತದೆ. ಬೆರಳಾಡಿಸಿದರೆ ಅಂಚು ಚುಚ್ಚುತ್ತದೆ. ಮರಳು ಉಜ್ಜಿದ್ದರೆ ಮೈ ನುಣುಪಾಗಿ ಅಲೆಅಲೆಯಾಗಿರುತ್ತಿತ್ತು. ಇದು ಗುಳ್ಳೆಗಳ ಕೆಲಸ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನೀರಿನ ಒತ್ತಡ ಸುಮಾರು 3.2 ಕಿಲೋಪಾಸ್ಕಲ್‌ಗೆ, ಅಂದರೆ ವಾಯುಭಾರದ ಮೂವತ್ತರಲ್ಲೊಂದು ಪಾಲಿಗೆ ಇಳಿದರೆ ಬೆಂಕಿಯಿಲ್ಲದೆಯೇ ಅದು ಕುದಿಯುತ್ತದೆ. ಹಾಗೆ ಹುಟ್ಟಿದ ಗುಳ್ಳೆ ಒತ್ತಡ ಹೆಚ್ಚಿರುವ ಕಡೆಗೆ ಸಾಗಿದೊಡನೆ ಕುಸಿಯುತ್ತದೆ; ಇದೇ ಕ್ಯಾವಿಟೇಶನ್. ಲೋಹದ ಪಕ್ಕದಲ್ಲೇ ಕುಸಿದರೆ ಅದರ ನಡುವಿನಿಂದ ಸೂಜಿಯಂಥ ನೀರಿನ ಎಳೆ ಸೆಕೆಂಡಿಗೆ ನೂರು ಮೀಟರಿಗೂ ಮಿಕ್ಕಿದ ವೇಗದಲ್ಲಿ ಮೇಲ್ಮೈಗೆ ಬಡಿಯುತ್ತದೆ. ಹಡಗಿನ ಪ್ರೊಪೆಲ್ಲರುಗಳು ಹೀಗೆ ಹಾಳಾಗುವುದು ರಾಸಾಯನಿಕ ಕ್ರಿಯೆಯಿಂದಲೋ ಪೆಟ್ಟಿನಿಂದಲೋ ಎಂಬ ಚರ್ಚೆ ಬ್ರಿಟನ್ನಿನಲ್ಲಿ ಬಹುಕಾಲ ನಡೆಯಿತು. ಗುಳ್ಳೆಯ ಕುಸಿತವನ್ನು ಭೌತವಿಜ್ಞಾನಿ ರೇಲೀ 1917ರಲ್ಲಿ ಲೆಕ್ಕ ಹಾಕಿದರು. 1919ರಲ್ಲಿ ಎಂಜಿನಿಯರುಗಳಾದ ಪಾರ್ಸನ್ಸ್ ಮತ್ತು ಕುಕ್ ಪೆಟ್ಟಿನ ಪರ ತೀರ್ಪಿತ್ತರು. ತೀರ್ಪು ಸರಿಯೇ. ಆದರೆ ಉಪ್ಪುನೀರಿನ ಮಟ್ಟಿಗೆ ಅದು ಅರ್ಧ ಮಾತ್ರ.

ಪೆಟ್ಟಿಗೆ ಮದ್ದು ಗಡಸುತನ ಎಂಬ ನಂಬಿಕೆ ಬಲವಾಗಿದೆ. ಸಟ್ಲೆಜ್ ನದಿಯ 1500 ಮೆಗಾವಾಟ್‌ನ ನಾಥ್ಪಾ ಝಾಕ್ರಿಯಂಥ ಹಿಮಾಲಯದ ಸ್ಥಾವರಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಲೇಪನ ಬಳಕೆಗೆ ಬಂದಿರುವುದು ಈ ನಂಬಿಕೆಗೆ ಪುಷ್ಟಿ ಕೊಟ್ಟಿದೆ. ಅಲ್ಲಿನ ಶತ್ರು ಬೆಣಚು ತುಂಬಿದ ಹೂಳು. ಗೀರುವ ಕಣಕ್ಕೆ ಗಡಸು ಮೈಯೇ ಉತ್ತರ. ಗುಳ್ಳೆ ಗೀರುವುದಿಲ್ಲ, ಒಂದೇ ಜಾಗವನ್ನು ಲಕ್ಷಾಂತರ ಸಲ ಬಡಿದು ದಣಿಸುತ್ತದೆ. ಅತಿವೇಗದ ಜ್ವಾಲೆಯಲ್ಲಿ ಎರಚಿದ ಕಾರ್ಬೈಡ್ ಪದರವೆಂದರೆ ಒಂದರ ಮೇಲೊಂದು ಚಪ್ಪಟೆಯಾಗಿ ಅಂಟಿದ ಹನಿಗಳ ರಾಶಿ. ಗುಳ್ಳೆಯ ಪೆಟ್ಟು ಹುಡುಕುವುದು ಹನಿ-ಹನಿಗಳ ನಡುವಿನ ಸಂದನ್ನು, ಉಳಿದುಹೋದ ರಂಧ್ರವನ್ನು. ಬಿರುಕು ಅಲ್ಲಿಂದ ಹೊರಟು ಹನಿಯನ್ನು ಇಡಿಯಾಗಿ ಕಿತ್ತೆಸೆಯುತ್ತದೆ.

ಸ್ಟೆಲೈಟ್ 6 ಎಂಬ ಕೋಬಾಲ್ಟ್ ಮಿಶ್ರಲೋಹದ ಗಡಸುತನ ಕಾರ್ಬೈಡ್ ಪದರದ ಅರ್ಧಕ್ಕೂ ಕಡಿಮೆ. ಆದರೂ ಬೆಸುಗೆಯಿಂದ ಹೊದಿಸಿದಾಗ ಕ್ಯಾವಿಟೇಶನ್‌ಗೆ ಅದು ಜಗ್ಗದೆ ನಿಲ್ಲುತ್ತದೆ. ಪೆಟ್ಟು ಬಿದ್ದಾಗ ಅದರ ಸ್ಫಟಿಕ ರಚನೆಯೇ ಘನಾಕೃತಿಯಿಂದ ಷಡ್ಭುಜಾಕೃತಿಗೆ ಹೊರಳುತ್ತದೆ. ಬಿರುಕಾಗಬೇಕಿದ್ದ ಶಕ್ತಿ ಆ ಹೊರಳಿಕೆಯಲ್ಲಿ ಕರಗುತ್ತದೆ, ಮೈ ಇನ್ನಷ್ಟು ಗಟ್ಟಿಯಾಗುತ್ತದೆ. ಕೋಬಾಲ್ಟ್ ದುಬಾರಿ ಎಂಬ ಕಾರಣಕ್ಕೆ ಕೆನಡಾದ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಅದನ್ನು ಮಿಶ್ರಣದ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸಿ, ಇದೇ ಗುಣದ ಐರೆಕಾ ಎಂಬ ಉಕ್ಕನ್ನು ರೂಪಿಸಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಜಾಣ ಹೆಜ್ಜೆ ಅದು. ಬೆಸುಗೆಗೂ ತೊಡಕುಂಟು: ಕಾವಿಗೆ ಅಲಗು ಸೊಟ್ಟಗಾಗುತ್ತದೆ, ಉಬ್ಬು ಉಳಿದರೆ ಅದೇ ಹೊಸ ಗುಳ್ಳೆಗಳ ತವರು.

ಸಮುದ್ರದಲ್ಲಿ ಲೆಕ್ಕವೇ ಬೇರೆ. ನಿಕಲ್-ಅಲ್ಯುಮಿನಿಯಂ ಕಂಚಿನ ಪ್ರೊಪೆಲ್ಲರನ್ನು ಕಾಯುವುದು ಒಂದು ಮೈಕ್ರಾನಿನಷ್ಟು ತೆಳುವಾದ ಆಕ್ಸೈಡ್ ಪೊರೆ. ಗುಳ್ಳೆ ಅದನ್ನು ಸುಲಿಯುತ್ತದೆ, ಉಪ್ಪು ಬೆತ್ತಲೆ ಲೋಹವನ್ನು ಕೊರೆಯುತ್ತದೆ, ಕೊರೆದ ಕುಳಿಯೇ ಮುಂದಿನ ಗುಳ್ಳೆಗೆ ನೆಲೆ. ಹೀಗಾಗಿ ಒಟ್ಟು ನಷ್ಟ, ಬರಿಯ ಸವೆತ ಮತ್ತು ಬರಿಯ ತುಕ್ಕಿನ ಮೊತ್ತಕ್ಕಿಂತ ಹೆಚ್ಚು. ಈ ಹೆಚ್ಚುವರಿ ಪಾಲನ್ನು ಬಿಡಿಸಿ ಅಳೆಯುವ ಕ್ರಮ ಎಎಸ್‌ಟಿಎಮ್ ಸಂಸ್ಥೆಯ ಜಿ119 ಮಾನಕದಲ್ಲಿದೆ. ಸಾಧಾರಣ ಉಕ್ಕಿನ ಮೇಲಿನ ಕಾರ್ಬೈಡ್ ಲೇಪನ ಒಂದೆಡೆ ತೂತಾದರಂತೂ ಕೇಡು ಇಮ್ಮಡಿ: ವಿಶಾಲವಾದ ಲೇಪನ ಕ್ಯಾಥೋಡ್, ತೂತಿನಡಿಯ ಚೂರು ಉಕ್ಕು ಆನೋಡ್. ತುಕ್ಕೆಲ್ಲ ಆ ಚೂರಿನಲ್ಲೇ ಆಳಕ್ಕಿಳಿಯುತ್ತದೆ. ಎರಚಿದ ಅಲ್ಯುಮಿನಿಯಂ ತಾನು ಕರಗಿ ಉಕ್ಕನ್ನು ಉಳಿಸುತ್ತದೆ, ನಿಜ; ಆದರೆ ಗುಳ್ಳೆಯೆದುರು ಆ ಮೆದು ಲೋಹ ನಿಲ್ಲುವುದಿಲ್ಲ.

ಹೆಚ್ಚಿನ ಲೇಪನಗಳನ್ನು ಅದೇ ಸಂಸ್ಥೆಯ ಜಿ32 ಮಾನಕದಂತೆ 20 ಕಿಲೋಹರ್ಟ್ಸ್‌ನಲ್ಲಿ ಕಂಪಿಸುವ ಗುಂಡಿಗಾತ್ರದ ತುಣುಕಿನ ಮೇಲೆ, ಶುದ್ಧ ನೀರಿನಲ್ಲಿ ಪರೀಕ್ಷಿಸುತ್ತಾರೆ. ಸಮುದ್ರಕ್ಕಿಳಿಯುವ ಲೇಪನಕ್ಕೆ ಆ ಅಂಕಿಯನ್ನಷ್ಟೇ ನಂಬಿ ಟೆಂಡರ್ ಬರೆಯುವವರು, ಅದೇ ಪರೀಕ್ಷೆಯನ್ನು ಉಪ್ಪುನೀರಿನಲ್ಲಿ, ಲೇಪನಕ್ಕೆ ಬೇಕೆಂದೇ ಒಂದು ತೂತು ಕೊರೆದು ಮಾಡಿಸಿ ನೋಡಲಿ.