ಕಲ್ಲಿನ ಸಾಕ್ಷಿ ನಂಬಿದ ವಿದ್ವಾಂಸ: ಡಾ. ಎಂ.ಎಂ. ಕಲಬುರ್ಗಿ

ನಮ್ಮ ಭಾಗದ ಹಳ್ಳಿಗಳಲ್ಲಿ ಹಳೆಯ ಗುಡಿಯ ಮುಂದೆಯೋ ಕೆರೆಯ ದಂಡೆಯಲ್ಲೋ ಅಕ್ಷರ ಕೊರೆದ ಕಲ್ಲುಗಳು ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಕೆಲವರಿಗೆ ಅದು ಒರಗಿ ಕುಳಿತುಕೊಳ್ಳುವ ಜಾಗ, ಕೆಲವರಿಗೆ ಕುಡಗೋಲು ಮಸೆಯುವ ಕಲ್ಲು. ಓದಬಲ್ಲವನಿಗೆ ಮಾತ್ರ ಅದು ಸಾವಿರ ವರ್ಷದ ಹಿಂದಿನ ಸಾಕ್ಷಿ. ಹಾಗೆ ಓದುವುದಕ್ಕೆ ತಮ್ಮ ಆಯುಷ್ಯವನ್ನೇ ಮುಡಿಪಾಗಿಟ್ಟ ವಿದ್ವಾಂಸರೊಬ್ಬರು ನಮ್ಮ ಸಿಂದಗಿ ತಾಲೂಕಿನವರೇ ಎಂಬುದು ಹೆಮ್ಮೆಯ ಸಂಗತಿ.

ಡಾ. ಎಂ.ಎಂ. ಕಲಬುರ್ಗಿಯವರು 1938ರ ನವೆಂಬರ್ 28ರಂದು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಜನಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಮುಂದೆ ಅಲ್ಲಿಯೇ ಕನ್ನಡ ಪ್ರಾಧ್ಯಾಪಕರಾದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಸೇವೆ ಸಲ್ಲಿಸಿದರು. ಅವರ ಸಂಶೋಧನ ಲೇಖನಗಳ ಸಂಪುಟ 'ಮಾರ್ಗ-4'ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಅವರ ಕೆಲಸದ ರೀತಿಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ಬಸವಣ್ಣನವರ ಜೀವನವನ್ನು ಹೇಳುವ ಕಾವ್ಯ ಪುರಾಣಗಳು ಬಹಳಿವೆ. ಆದರೆ ಅವುಗಳಲ್ಲಿ ಭಕ್ತಿಯೂ ಚರಿತ್ರೆಯೂ ಬೆರೆತುಹೋಗಿವೆ. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಶಾಸನವೊಂದಿದೆ. ಬಸವಣ್ಣನವರು ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜನ ಮಗನೆಂದು ಅದು ಹೇಳುತ್ತದೆ. ಆ ಬಾಗವಾಡಿಯೇ ಇಂದಿನ ಬಸವನ ಬಾಗೇವಾಡಿ. ಇಂಥ ಶಾಸನಗಳನ್ನು ಹುಡುಕಿ, ಪುರಾಣದ ಮಾತನ್ನು ಕಲ್ಲಿನ ಮಾತಿನೊಡನೆ ಹೋಲಿಸಿ ನೋಡುವುದು ಕಲಬುರ್ಗಿಯವರ ಪದ್ಧತಿ. 'ಶಾಸನಗಳಲ್ಲಿ ಶಿವಶರಣರು' ಎಂಬ ಅವರ ಗ್ರಂಥ ಈ ಪದ್ಧತಿಯ ಫಲ.

ಶಾಸನವೆಂದರೆ ಕೇವಲ ರಾಜರ ಬಿರುದಾವಳಿ ಎಂದು ತಿಳಿಯಬಾರದು. ಇಂಡಿ ತಾಲೂಕಿನ ಸಾಲೋಟಗಿಯ 945ರ ಕಂಬದ ಶಾಸನವನ್ನೇ ನೋಡಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದವು, ಖರ್ಚಿಗೆ 500 ನಿವರ್ತನ ಭೂಮಿ ಇತ್ತು. ಊರಿನ ಬ್ರಾಹ್ಮಣರು ಮದುವೆಗೆ ಐದು ನಾಣ್ಯ, ಮುಂಜಿವೆಗೆ ಎರಡೂವರೆ ನಾಣ್ಯದಂತೆ ಶಾಲೆಗೆ ಕೊಡಬೇಕಾಗಿತ್ತು. ಅದು ವೈದಿಕ ವಿದ್ಯೆಯ ಶಾಲೆ, ಎಲ್ಲರಿಗೂ ತೆರೆದ ಬಾಗಿಲಲ್ಲ. ಆದರೂ ವಂತಿಗೆ ಕೂಡಿಸಿ ಪರಊರಿನ ಮಕ್ಕಳಿಗೆ ವಸತಿ ಒದಗಿಸುವ ರೂಢಿ ಈ ಮಣ್ಣಿನಲ್ಲಿ ಎಷ್ಟು ಹಳೆಯದೆಂದು ಯೋಚಿಸಿರಿ.

ಸತ್ಯ ಹೇಳುವವನಿಗೆ ದಾರಿ ಸುಗಮವಿರಲಿಲ್ಲ. 'ಮಾರ್ಗ'ದ ಮೊದಲ ಸಂಪುಟದ ಕೆಲವು ಬರಹಗಳಿಗೆ ಸ್ವಸಮಾಜದೊಳಗಿಂದಲೇ ತೀವ್ರ ವಿರೋಧ ಬಂದು, 1989ರಲ್ಲಿ ಅವರು ಅವನ್ನು ಹಿಂತೆಗೆದುಕೊಳ್ಳಬೇಕಾಯಿತು. ಆ ನೋವು ಅವರಿಗೆ ಕೊನೆಯವರೆಗೂ ಇತ್ತು. ಆದರೆ ಸಂಶೋಧನೆಯನ್ನು ಬಿಡಲಿಲ್ಲ. ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಅವರೇ ಪ್ರಧಾನ ಸಂಪಾದಕರಾದರು.

ಇನ್ನೊಂದು ಕೆಲಸವನ್ನು ನಾವು ವಿಶೇಷವಾಗಿ ನೆನೆಯಬೇಕು. ಹಿಂದೆ ಮುದ್ದೇಬಿಹಾಳ ತಾಲೂಕಿಗೆ ಸೇರಿದ್ದ ತಾಳಿಕೋಟೆಯ ಹೆಸರು ಹೇಳಿದೊಡನೆ ಜನರಿಗೆ 1565ರ ಯುದ್ಧವಷ್ಟೇ ನೆನಪಾಗುತ್ತದೆ. ಅದೇ ಆದಿಲ್‌ಶಾಹಿಗಳ ಬಿಜಾಪುರದಲ್ಲಿ ಚರಿತ್ರೆ, ಕಾವ್ಯ, ಸಂಗೀತಗಳು ಬೆಳೆದವು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿಯನ್ನೂ ಸ್ತುತಿಸಿದನು. ಆ ಕಾಲದ ಫಾರಸಿ, ದಖನಿ ಕೃತಿಗಳು ಕನ್ನಡಕ್ಕೆ ಬರಬೇಕೆಂದು ಕಲಬುರ್ಗಿಯವರು ಮುಂದೆ ನಿಂತು ಅನುವಾದ ಯೋಜನೆಯನ್ನು ನಡೆಸಿದರು. ಕನ್ನಡದ ಕಲ್ಲಿನಂತೆ ಫಾರಸಿಯ ಕಾಗದವೂ ಈ ನಾಡಿನ ಆಸ್ತಿಯೆಂದು ಅವರು ಬಗೆದರು. ಈ ಕೆಲಸ ಸಾಗಿರುವಾಗಲೇ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದ ಅವರ ಮನೆಯಲ್ಲಿಯೇ ಅವರನ್ನು ಗುಂಡಿಟ್ಟು ಕೊಂದರು.

ಪ್ರಿಯ ವಿದ್ಯಾರ್ಥಿಗಳೇ, ಕನ್ನಡವೂ ಉರ್ದುವೂ ಬಲ್ಲ ನಿಮಗೆ ಈ ಕಾರ್ಯದಲ್ಲಿ ಇತರರಿಗಿಲ್ಲದ ಅನುಕೂಲವಿದೆ. ಸ್ವಲ್ಪ ಹಳಗನ್ನಡ, ಸ್ವಲ್ಪ ಫಾರಸಿ ಕಲಿತರೆ ಗುಡಿಯ ಕಲ್ಲನ್ನೂ ಮಸೀದಿ, ದರ್ಗಾದ ಬರಹವನ್ನೂ ನೀವೇ ಓದಬಲ್ಲಿರಿ. ಬರುವ ರಜೆಯಲ್ಲಿ ನಿಮ್ಮ ಊರಿನ ಕಲ್ಲಿನ ಬಳಿ ಹೋಗಿ ನಿಲ್ಲಿರಿ. ಅದಕ್ಕೆ ಸುಣ್ಣ ಬಳಿಯದಂತೆ, ಅದು ಯಾವ ಮನೆಯ ಬುನಾದಿಗೂ ಸೇರದಂತೆ ಹಿರಿಯರಿಗೆ ತಿಳಿಹೇಳಿರಿ. ಕಲ್ಲು ಹೋದರೆ ಸಾಕ್ಷಿ ಹೋಯಿತು. ಸಾಕ್ಷಿ ಇಲ್ಲದ ಕಡೆ ಯಾರು ಏನು ಹೇಳಿದರೂ ಅದೇ ಚರಿತ್ರೆಯಾಗಿಬಿಡುತ್ತದೆ.