ಪಕ್ಕದಲ್ಲಿ ಕೂತು ಕಲಿಸಿದವರು

1971ರ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬಾರುಗಳಲ್ಲಿ ಒಂದು ವಿಚಿತ್ರ ಯಂತ್ರ ಕಾಣಿಸಿಕೊಂಡಿತು. ಆಳೆತ್ತರದ ಫೈಬರ್‌ಗ್ಲಾಸ್ ಕವಚ, ಒಳಗೆ ಕಪ್ಪು-ಬಿಳುಪು ಟಿವಿ, ಕೆಳಗೆ ಸಾಲಾಗಿ ಬಟನ್‌ಗಳು. ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ರೂಪಿಸಿದ ‘ಕಂಪ್ಯೂಟರ್ ಸ್ಪೇಸ್’ ಅದು. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಮೊದಲ ವಿಡಿಯೋ ಗೇಮ್. ಒಂದು ಬಟನ್ ಒತ್ತಿದರೆ ರಾಕೆಟ್ ಎಡಕ್ಕೆ ತಿರುಗುತ್ತಿತ್ತು, ಇನ್ನೊಂದು ಒತ್ತಿದರೆ ಬಲಕ್ಕೆ. ಮುಂದಕ್ಕೆ ನೂಕಲು ಒಂದು, ಗುಂಡು ಹಾರಿಸಲು ಮತ್ತೊಂದು. ನೂಕುವುದನ್ನು ಬಿಟ್ಟರೂ ರಾಕೆಟ್ ನಿಲ್ಲುತ್ತಿರಲಿಲ್ಲ, ಬಾಹ್ಯಾಕಾಶದಲ್ಲಿ ಅದನ್ನು ತಡೆಯಲು ಗಾಳಿ ಇಲ್ಲವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹತ್ತಿರದ ‘ಡಚ್ ಗೂಸ್’ ಬಾರಿನಲ್ಲಿ ವಿದ್ಯಾರ್ಥಿಗಳು ಅದಕ್ಕೆ ಮುಗಿಬಿದ್ದರು. ದಿನದ ದುಡಿಮೆ ಮುಗಿಸಿ ಬಿಯರ್ ಕುಡಿಯಲು ಜನ ಬರುವ ಬೇರೆ ಬಾರುಗಳಲ್ಲಿ ಅದು ಯಾರ ತಲೆಗೂ ಹತ್ತಲಿಲ್ಲ. ಆಡುವ ಮುನ್ನ ಅಷ್ಟೊಂದು ಸೂಚನೆ ಓದುವ ವ್ಯವಧಾನ ಯಾರಿಗಿದೆ ಎಂಬುದು ತನಗೆ ಸಿಕ್ಕ ಪಾಠ ಎಂದು ಬುಶ್ನೆಲ್ ಮುಂದೆ ಹೇಳಿಕೊಂಡರು.

ಮರುವರ್ಷವೇ ಅವರ ಹೊಸ ಕಂಪನಿ ಅಟಾರಿಯ ಎಂಜಿನಿಯರ್ ಅಲನ್ ಆಲ್ಕಾರ್ನ್ ‘ಪಾಂಗ್’ ತಯಾರಿಸಿದರು. ಒಬ್ಬೊಬ್ಬರಿಗೆ ಒಂದೊಂದು ತಿರುಗುಗುಂಡಿ. ತಿರುಗಿಸಿದರೆ ಪರದೆಯ ಮೇಲಿನ ಬಿಳಿ ಪಟ್ಟಿ ಮೇಲೆ ಕೆಳಗೆ ಹೋಗುತ್ತದೆ. ಆಡುವುದು ಹೇಗೆಂದು ಹೇಳಲು ಒಂದೇ ಒಂದು ವಾಕ್ಯ ಸಾಕಾಯಿತು: ಚೆಂಡು ತಪ್ಪಿಸಿಕೊಳ್ಳದಂತೆ ನೋಡಿಕೊಂಡರೆ ಅಂಕ ಹೆಚ್ಚುತ್ತದೆ. ಸನಿವೇಲ್ ಊರಿನ ‘ಆ್ಯಂಡಿ ಕ್ಯಾಪ್ಸ್’ ಬಾರಿನಲ್ಲಿ ಇಟ್ಟ ಮೊದಲ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟು ನಿಂತಿತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ, ನಾಣ್ಯದ ಡಬ್ಬ ತುಂಬಿ ತುಳುಕುತ್ತಿತ್ತು.

ಆಟ ಸರಳವಾಗಿದ್ದದ್ದರಿಂದ ಗೆದ್ದಿತು ಎಂದು ಈ ಕಥೆಯನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಪಾಂಗನ್ನು ಒಬ್ಬರೇ ಆಡುವಂತಿರಲಿಲ್ಲ. ಎದುರಾಳಿಯಾಗಿ ಯಂತ್ರ ಸಿಗುತ್ತಿರಲಿಲ್ಲ, ಇನ್ನೊಬ್ಬ ಮನುಷ್ಯ ಬೇಕಿತ್ತು. ಹೀಗಾಗಿ ಆಡಲು ಬಾರದವರ ಪಕ್ಕದಲ್ಲಿ ಆಡಲು ಬರುವವರೊಬ್ಬರು ಬಹಳ ಸಲ ಇರುತ್ತಿದ್ದರು. ಗೆಳೆಯನನ್ನು ಕರೆತಂದು, ಗುಂಡಿ ಹೀಗೆ ತಿರುಗಿಸು ಎಂದು ತೋರಿಸಿ, ಎರಡು ಚೆಂಡು ಬಿಟ್ಟುಕೊಡುವ ಕೆಲಸ ಅಲ್ಲಿಂದಲೇ ಶುರುವಾಯಿತು. ವಿಡಿಯೋ ಗೇಮ್ ಚರಿತ್ರೆಯಲ್ಲಿ ಯಂತ್ರ ತಯಾರಿಸಿದವರ ಹೆಸರುಗಳೆಲ್ಲ ದಾಖಲಾಗಿವೆ, ಹೀಗೆ ಪಕ್ಕದಲ್ಲಿ ನಿಂತು ಕಲಿಸಿದವರದು ಆಗಿಲ್ಲ.

ಕಲಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬೇಕೆಂಬ ಆಸೆ ತಯಾರಕರಿಗೆ ಬಹಳ ಬೇಗ ಹುಟ್ಟಿತು. ಯಾರೂ ಆಡದಿದ್ದಾಗ ಆರ್ಕೇಡ್ ಯಂತ್ರಗಳು ತಾವೇ ಆಡಿ ತೋರಿಸತೊಡಗಿದವು. 1980ರಲ್ಲಿ ನಾಮ್ಕೊ ಕಂಪನಿಯ ತೋರು ಇವಾತಾನಿ ‘ಪ್ಯಾಕ್-ಮ್ಯಾನ್’ ಮಾಡುವಾಗ, ಗಂಡಸರೇ ತುಂಬಿರುತ್ತಿದ್ದ ಗೇಮ್ ಅಂಗಡಿಗಳಿಗೆ ಹೆಂಗಸರೂ ಜೋಡಿಗಳೂ ಬರಬೇಕು ಎಂಬುದನ್ನೇ ಗುರಿಯಾಗಿಟ್ಟುಕೊಂಡಿದ್ದರು. ಆಡುವುದಕ್ಕೆ ಒಂದು ಜಾಯ್‌ಸ್ಟಿಕ್ ಬಿಟ್ಟರೆ ಒಂದು ಬಟನ್ನೂ ಇರಲಿಲ್ಲ.

ಈ ಪ್ರಯತ್ನದ ಶಿಖರ ಎಂದರೆ 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಮೊದಲ ಹಂತ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರಲ್ಲಿ ಒಂದು ಅಕ್ಷರವನ್ನೂ ಬಳಸದೆ ಪಾಠ ಮಾಡಿದ್ದಾರೆ. ಮಾರಿಯೋ ಪರದೆಯ ಎಡಬದಿಯಲ್ಲಿ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ, ಮುಂದೆಲ್ಲ ಖಾಲಿ ಜಾಗ. ಹಾಗಾದರೆ ಬಲಕ್ಕೆ ಹೋಗಬೇಕು. ಎದುರಿಗೊಂದು ಹುಬ್ಬು ಗಂಟಿಕ್ಕಿಕೊಂಡ ಜೀವಿ ಬರುತ್ತದೆ. ತಾಗಿದರೆ ಸಾವು, ಆದರೆ ಆಟ ಆಗಷ್ಟೇ ಶುರುವಾಗಿರುವುದರಿಂದ ಸತ್ತರೂ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಮುಂದಿನ ಸಲ ಹಾರುತ್ತಾರೆ. ಹಾರಿದರೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ಬಡಿದು ಅಣಬೆಯೊಂದು ಹೊರಬರುತ್ತದೆ. ಅದು ಬಲಕ್ಕೆ ಜಾರಿ, ಹಸಿರು ಕೊಳವೆಗೆ ತಾಗಿ, ತಿರುಗಿ ಮಾರಿಯೋನ ಕಡೆಗೇ ಬರುತ್ತದೆ. ಹೆದರಿ ಹಾರಲು ಹೋದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅಣಬೆಯ ಮೇಲೆಯೇ ಬೀಳುವ ಸಂಭವವೇ ಹೆಚ್ಚು. ಬಿದ್ದ ಮಾರಿಯೋ ಸಾಯುವುದಿಲ್ಲ, ದೊಡ್ಡವನಾಗುತ್ತಾನೆ. ಸ್ವಲ್ಪ ಮುಂದೆ ಎರಡು ಮೆಟ್ಟಿಲುಗುಡ್ಡಗಳ ನಡುವೆ ಗಟ್ಟಿ ನೆಲವಿದೆ. ಅದಾದ ಮೇಲೆ ಬರುವುದೂ ಅಂಥದೇ ಜೋಡಿ, ಆದರೆ ಈಗ ನಡುವೆ ಹಳ್ಳ. ಬಿದ್ದರೂ ಪೆಟ್ಟಾಗದ ಕಡೆ ಅಭ್ಯಾಸ ಮಾಡಿಸಿ, ಆಮೇಲೆ ಅಪಾಯ ಇಟ್ಟಿದ್ದಾರೆ.

ಈ ಹಂತವನ್ನು ರೂಪಿಸಿದ್ದು ಆಟದ ಬಹುಪಾಲು ಮುಗಿದ ನಂತರ ಎಂದು ಮಿಯಾಮೊಟೊ ವಿವರಿಸಿದ್ದಾರೆ. ಆ ಮೊದಲ ಶತ್ರುವನ್ನು ಸೇರಿಸಿದ್ದೂ ಕೊನೆಗೇ. ಆಮೆಯಂಥ ಶತ್ರುವನ್ನು ತುಳಿದು, ಚಿಪ್ಪನ್ನು ಒದೆಯುವುದು ಹೊಸಬರಿಗೆ ಕಷ್ಟವೆಂದು ಗೊತ್ತಾದ ಮೇಲೆ, ತುಳಿದರೆ ಸಾಕು ಎನ್ನುವಂಥದ್ದು ಒಂದು ಬೇಕಾಯಿತು. ಎಲ್ಲಕ್ಕಿಂತ ಮೊದಲು ಬರುವ ಪಾಠವನ್ನು ಎಲ್ಲವೂ ತಿಳಿದ ಮೇಲೆ ಬರೆದರು ಎಂಬುದು ಯಾವ ಉಪಾಧ್ಯಾಯರಿಗಾದರೂ ಮೆಚ್ಚುಗೆಯಾಗುವ ಮಾತು.

ಕರ್ನಾಟಕದ ಮನೆಗಳಿಗೆ ಈ ಮಾರಿಯೋ ಬಂದದ್ದು ಸುತ್ತು ದಾರಿಯಿಂದ. 1990ರ ದಶಕದಲ್ಲಿ ನಿಂಟೆಂಡೊ ಯಂತ್ರದ ನಕಲುಗಳು ‘ಲಿಟಲ್ ಮಾಸ್ಟರ್’, ‘ಮೀಡಿಯಾ’ ಮುಂತಾದ ಹೆಸರುಗಳಲ್ಲಿ ಭಾರತದ ಅಂಗಡಿಗಳಲ್ಲಿ ಸಿಗುತ್ತಿದ್ದವು. ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ಎಲ್ಲರೂ ಕರೆದದ್ದು ಕ್ಯಾಸೆಟ್ ಎಂದೇ. ಅದರ ಮೇಲೆ ಸಾವಿರಗಟ್ಟಲೆ ಆಟಗಳಿವೆ ಎಂದು ಮುದ್ರಿಸಿರುತ್ತಿತ್ತು. ಹಾಕಿ ನೋಡಿದರೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅಮೆರಿಕದ ಮಕ್ಕಳಿಗೆ ಚಿತ್ರಸಹಿತ ಕೈಪಿಡಿ ಇತ್ತು, 1988ರಿಂದ ‘ನಿಂಟೆಂಡೊ ಪವರ್’ ಎಂಬ ಪತ್ರಿಕೆ ಇತ್ತು, ಎಲ್ಲೋ ಸಿಕ್ಕಿಹಾಕಿಕೊಂಡರೆ ಫೋನ್ ಮಾಡಿ ಕೇಳಲು ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನಲ್ಲಿ ಕಂಪನಿಯ ಸಲಹೆಗಾರರು ಕೂತಿರುತ್ತಿದ್ದರು. ಇಲ್ಲಿ ಆ ಮೂರೂ ಇರಲಿಲ್ಲ. ಇದ್ದದ್ದು ಅಣ್ಣ, ಅಕ್ಕ, ಚಿಕ್ಕಮ್ಮನ ಮಗ, ರಜೆಗೆ ಬಂದ ಪಕ್ಕದ ಮನೆಯ ಹುಡುಗಿ. ಯಾವ ಇಟ್ಟಿಗೆಯಲ್ಲಿ ಗುಟ್ಟಿನ ಜೀವವಿದೆ, ಯಾವ ಕೊಳವೆಯೊಳಗೆ ಇಳಿಯಬಹುದು ಎಂಬ ವಿದ್ಯೆಯೆಲ್ಲ ಬೇಸಿಗೆ ರಜೆಯಲ್ಲಿ ಬಾಯಿಂದ ಬಾಯಿಗೆ ದಾಟಿತು.

ಆ ಕ್ಯಾಸೆಟ್ಟುಗಳಲ್ಲಿ ಕಲಿಸಲು ಹೇಳಿ ಮಾಡಿಸಿದಂತಿದ್ದ ಆಟ ಕೊನಾಮಿಯ ‘ಕಾಂಟ್ರಾ’. ಇಬ್ಬರು ಸೈನಿಕರು ಒಟ್ಟಿಗೆ ಓಡುವ ಆಟ. ಅದರ ಮೂರನೆಯ ಹಂತದಲ್ಲಿ ಜಲಪಾತದ ಬಂಡೆಗಳನ್ನು ಹಾರಿ ಹಾರಿ ಮೇಲೇರಬೇಕು. ಮುಂದೆ ಹೋದವರು ಏರಿದಷ್ಟೂ ಪರದೆ ಮೇಲಕ್ಕೆ ಸರಿಯುತ್ತದೆ, ಹಿಂದುಳಿದವರು ಪರದೆಯ ಕೆಳಗೆ ಬಿದ್ದು ಸಾಯುತ್ತಾರೆ. ಎಂದರೆ ಆಟ ಬಲ್ಲವರ ಆತುರ ಕಲಿಯುವವರ ಜೀವಕ್ಕೇ ಮುಳುವು. ‘ಅಣ್ಣಾ, ನಿಲ್ಲು, ನಾನೂ ಬರ್ತೀನಿ’ ಎಂದು ಚಿಕ್ಕವರು ಕೂಗುವುದು, ದೊಡ್ಡವರು ಬಂಡೆಯ ಮೇಲೆ ನಿಂತು ಕಾಯುವುದು, ಎಗರು ಎಂದು ಹೊತ್ತು ನೋಡಿ ಹೇಳುವುದು ಇಲ್ಲಿ ಒಳ್ಳೆಯತನವಷ್ಟೇ ಅಲ್ಲ, ಆಟದ ನಿಯಮವೇ ಆಗಿತ್ತು. ತೀರ ಚಿಕ್ಕವರ ಕೈಗೆ ವೈರ್ ಸಿಕ್ಕಿಸದ ಎರಡನೆಯ ರಿಮೋಟ್ ಕೊಟ್ಟು ಸಮಾಧಾನ ಮಾಡಿದ ಮನೆಗಳೂ ಬೇಕಾದಷ್ಟಿವೆ.

ಇದೇ ಹೊತ್ತಿನಲ್ಲಿ ಕಚೇರಿಗಳಲ್ಲೂ ಒಂದು ಪಾಠ ನಡೆಯುತ್ತಿತ್ತು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ‘ಸಾಲಿಟೇರ್’ ಇಸ್ಪೀಟಾಟ, ಮೌಸ್ ಹಿಡಿದು ಗೊತ್ತಿಲ್ಲದವರಿಗೆ ಒತ್ತಿ ಹಿಡಿದು ಎಳೆದು ಬಿಡುವುದನ್ನು ಅಭ್ಯಾಸ ಮಾಡಿಸಿತು. ಮುಂದೆ ನೋಕಿಯಾ ಫೋನಿನ ಹಾವಿನಾಟಕ್ಕೆ ನಾಲ್ಕು ಅಂಕಿಗಳ ಬಟನ್ನೇ ಸಾಕಾಯಿತು. 1997ರಲ್ಲಿ 6110 ಮಾದರಿಯಲ್ಲಿ ಶುರುವಾದ ಆ ಆಟವನ್ನು ಅಜ್ಜಂದಿರೂ ಆಡಿದರು, ಕಲಿಸುವವರೇ ಬೇಕಾಗಲಿಲ್ಲ.

ಆದರೆ ದೊಡ್ಡ ಆಟಗಳು ಅಷ್ಟರಲ್ಲಿ ಬೇರೆ ದಿಕ್ಕು ಹಿಡಿದಿದ್ದವು. 1996ರ ‘ಸೂಪರ್ ಮಾರಿಯೋ 64’ ಮೂರು ಆಯಾಮದ ಲೋಕ ತೆರೆದಾಗ, ಮಿಯಾಮೊಟೊ ತಂಡ ಮತ್ತೆ ಹೊಸಬರ ಕಡೆಯಿಂದ ಯೋಚಿಸಿ, ಶತ್ರುಗಳೇ ಇಲ್ಲದ ಕೋಟೆಯ ಅಂಗಳದಲ್ಲಿ ಆಟ ಶುರುಮಾಡಿತು. ಬೇಕಾದಷ್ಟು ಹೊತ್ತು ಸುಮ್ಮನೆ ಓಡಾಡಬಹುದು, ಮರ ಹತ್ತಬಹುದು, ಕೊಳದಲ್ಲಿ ಈಜಬಹುದು. ಮುಂದಿನ ವರ್ಷ ಸೋನಿ ಎರಡು ಕಡ್ಡಿಗಳ ಡ್ಯುಯಲ್‌ಶಾಕ್ ಕಂಟ್ರೋಲರ್ ತಂದಿತು. 2000ದಲ್ಲಿ ಪ್ಲೇಸ್ಟೇಷನ್ನಿಗೆ ಬಂದ ‘ಏಲಿಯನ್ ರೆಸರಕ್ಷನ್’ ಆಟದಲ್ಲಿ ಎಡಗಡ್ಡಿ ನಡೆಯಲು, ಬಲಗಡ್ಡಿ ನೋಡಲು. ಅಮೆರಿಕದ ‘ಗೇಮ್‌ಸ್ಪಾಟ್’ ವಿಮರ್ಶಕರು ಆ ಭಯಾನಕ ಆಟದಲ್ಲಿ ಎಲ್ಲಕ್ಕಿಂತ ಭಯಾನಕವಾದದ್ದು ಈ ವ್ಯವಸ್ಥೆಯೇ ಎಂದು ಬರೆದರು. ಇಂದು ಕೋಟ್ಯಂತರ ಜನ ಯೋಚನೆಯೇ ಇಲ್ಲದೆ ಮಾಡುವ ಕೆಲಸ, ಆಟವಾಡಿ ಹೊಟ್ಟೆ ಹೊರೆಯುತ್ತಿದ್ದವರಿಗೇ ಅಂದು ಬರಲಿಲ್ಲ.

ಮೊದಲ ಸಲ ಕಂಟ್ರೋಲರ್ ಹಿಡಿದ ತಾಯಿಗೋ ಗೆಳತಿಗೋ ಕಲಿಸುವವರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಹೊಸಬರು ನಾಲ್ಕು ಹೆಜ್ಜೆ ನಡೆಯುತ್ತಾರೆ, ನಿಲ್ಲುತ್ತಾರೆ, ಕ್ಯಾಮೆರಾ ತಿರುಗಿಸುತ್ತಾರೆ, ಮತ್ತೆ ನಡೆಯುತ್ತಾರೆ. ಎರಡೂ ಹೆಬ್ಬೆರಳು ಒಟ್ಟಿಗೆ ಓಡುವುದಿಲ್ಲ. ನೋಟ ಒಂದೋ ಆಕಾಶದಲ್ಲಿ, ಇಲ್ಲವೇ ನೆಲದಲ್ಲಿ. ಅದು ವಯಸ್ಸಿನ ದೋಷವೂ ಅಲ್ಲ, ಬುದ್ಧಿಯ ದೋಷವೂ ಅಲ್ಲ. ಬೇರೆಯವರು ಹತ್ತಾರು ವರ್ಷ ಆಡುತ್ತ ತಮಗೇ ತಿಳಿಯದಂತೆ ಕಲಿತದ್ದನ್ನು ಅವರು ಒಂದೇ ಸಂಜೆಯಲ್ಲಿ ಕಲಿಯಬೇಕಾಗಿದೆ. 2001ರ ‘ಹೇಲೋ’ ತಯಾರಿಸಿದವರಿಗೆ ಇದರ ಅರಿವಿತ್ತು. ಕಥೆಯ ಆರಂಭದಲ್ಲೇ ತಂತ್ರಜ್ಞನೊಬ್ಬ ಬಂದು, ಮೇಲೆ ಕೆಳಗೆ ಇರುವ ದೀಪಗಳನ್ನು ನೋಡು ಎಂದು ನಾಯಕನಿಗೆ ಹೇಳುತ್ತಾನೆ. ಕವಚದ ಪರೀಕ್ಷೆಯ ನೆಪದಲ್ಲಿ, ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ನೋಟ ಮೇಲಕ್ಕೆ ಹೋಗಬೇಕೋ ಕೆಳಕ್ಕೋ ಎಂಬುದನ್ನು ಆಟಗಾರರ ಕೈಯೇ ತೀರ್ಮಾನಿಸುತ್ತದೆ.

ಅಮೆರಿಕದ ವಾಲ್ವ್ ಕಂಪನಿ ಇನ್ನೂ ಮುಂದೆ ಹೋಯಿತು. ಅಲ್ಲಿ ಹೊರಗಿನವರನ್ನು ಕರೆಸಿ ಆಡಿಸುವಾಗ ಆಟ ಮಾಡಿದವರು ಹಿಂದೆ ಕೂತು ನೋಡಬಹುದು, ಬಾಯಿ ಬಿಡುವಂತಿಲ್ಲ. 2007ರ ‘ಪೋರ್ಟಲ್’ ಹೀಗೆ ತಿದ್ದಿ ತಿದ್ದಿ ಮಾಡಿದ ಆಟ. ಗೋಡೆಯಲ್ಲಿ ಬಾಗಿಲು ಕೊರೆದು ಇನ್ನೊಂದು ಗೋಡೆಯಿಂದ ಹೊರಬರುವ ವಿಚಿತ್ರ ಉಪಾಯವನ್ನು ಅದು ಕಂತುಕಂತಾಗಿ ಕೊಡುತ್ತದೆ. ಮೊದಲು ಎರಡೂ ಬಾಗಿಲನ್ನು ಯಂತ್ರವೇ ತೆರೆಯುತ್ತದೆ. ಆಮೇಲೆ ಸಿಗುವ ಬಂದೂಕು ನೀಲಿ ಬಾಗಿಲನ್ನಷ್ಟೇ ತೆರೆಯುತ್ತದೆ. ಕಿತ್ತಳೆ ಬಾಗಿಲು ಕೈಗೆ ಬರಲು ಹನ್ನೊಂದನೆಯ ಕೋಣೆಯವರೆಗೆ ಕಾಯಬೇಕು. ಮನೆಯಲ್ಲಿ ಕಲಿಸುವವರಿಗೆ ಬರದೇ ಹೋದ ಸಂಯಮ ಇದೇ. ಎದುರಿನವರು ತಡವರಿಸಿದ ಕೂಡಲೇ ‘ಇಲ್ಲಿ ಕೊಡು, ನಾನು ದಾಟಿಸ್ತೀನಿ’ ಎಂದು ಕಂಟ್ರೋಲರ್ ಕಿತ್ತುಕೊಂಡು, ಎಷ್ಟೋ ಜನರ ಆಸಕ್ತಿಯನ್ನು ಅಲ್ಲಿಗೇ ಮುರಿದಿದ್ದಾರೆ.

2006ರ ನವೆಂಬರಿನಲ್ಲಿ ನಿಂಟೆಂಡೊ ಬಿಡುಗಡೆ ಮಾಡಿದ ‘ವೀ’ ಯಂತ್ರ ಕಡ್ಡಿಗಳ ಗೋಜನ್ನೇ ಬದಿಗಿಟ್ಟಿತು. ಟಿವಿ ರಿಮೋಟಿನಂಥದ್ದನ್ನು ಒಂದು ಕೈಯಲ್ಲಿ ಹಿಡಿದು ಟೆನಿಸ್ ಬ್ಯಾಟಿನ ಹಾಗೆ ಬೀಸಿದರೆ ಆಯಿತು. ಜೊತೆಗೆ ಬಂದ ‘ವೀ ಸ್ಪೋರ್ಟ್ಸ್’ ಬೌಲಿಂಗ್ ಆಟಕ್ಕೆ ಅಮೆರಿಕದ ವೃದ್ಧರ ವಸತಿಗಳಲ್ಲಿ ಪಂದ್ಯಾವಳಿಗಳೇ ನಡೆದವು. ಹುರುಪಿನಲ್ಲಿ ಬೀಸುವಾಗ ರಿಮೋಟ್ ಕೈಜಾರಿ ಹಾರತೊಡಗಿದ್ದರಿಂದ ಅದೇ ಡಿಸೆಂಬರಿನಲ್ಲಿ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಕಂಪನಿ ಬದಲಿಸಿಕೊಡಬೇಕಾಯಿತು. ಒಟ್ಟು 10 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಅನೇಕ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಸೋಲಿಸಿದ ಮೊದಲ ವಿಡಿಯೋ ಗೇಮ್ ಇದೇ ಇರಬೇಕು.

ಆದರೂ ಬೀಸುವ ಆಟಗಳಾಚೆ ಎಲ್ಲರನ್ನೂ ಕರೆದೊಯ್ಯಲು ಬೇರೆ ದಾರಿ ಬೇಕಿತ್ತು. ಆ ದಾರಿ ಸಿಕ್ಕಿದ್ದು ಪಕ್ಕದಲ್ಲಿ ಕೂತವರಿಗೆ ಮತ್ತೆ ಜಾಗ ಕೊಟ್ಟಾಗ. 2007ರ ‘ಸೂಪರ್ ಮಾರಿಯೋ ಗ್ಯಾಲಕ್ಸಿ’ಯಲ್ಲಿ ಎರಡನೆಯವರು ಓಡಬೇಕಿಲ್ಲ, ರಿಮೋಟ್ ಗುರಿಯಿಟ್ಟು ನಕ್ಷತ್ರದ ಚೂರು ಹೆಕ್ಕಬಹುದು, ಶತ್ರುವನ್ನು ತಡೆದು ನಿಲ್ಲಿಸಬಹುದು. 2009ರ ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ’ಯಲ್ಲಿ ಒಬ್ಬರೇ ಆಡುವಾಗ ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಹಸಿರು ಪೆಟ್ಟಿಗೆಯೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ಗುದ್ದಿದರೆ ಮಾರಿಯೋನ ಸೋದರ ಲುಯಿಜಿ ಬಂದು ದಾರಿ ತೋರಿಸುತ್ತಾನೆ, ಸಾಕು ಎನಿಸಿದ ಕಡೆ ಆಟವನ್ನು ಮತ್ತೆ ಕೈಗೆತ್ತಿಕೊಳ್ಳಬಹುದು. 2017ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸಿನಲ್ಲಿ ‘ಕೋಪೈಲಟ್’ ತಂದು, ಎರಡು ಕಂಟ್ರೋಲರ್‌ಗಳನ್ನು ಒಂದೇ ಎಂಬಂತೆ ಬೆಸೆಯಿತು. ಕಲಿಯುವವರು ನಡೆದರೆ ಕಲಿಸುವವರು ಕ್ಯಾಮೆರಾ ತಿರುಗಿಸಬಹುದು, ಸೈಕಲ್ ಕಲಿಸುವವರು ಕ್ಯಾರಿಯರ್ ಹಿಡಿದು ಹಿಂದೆ ಓಡಿದಂತೆ. ಅಂಗವೈಕಲ್ಯ ಇರುವವರಿಗೂ ಇದು ನೆರವಾಯಿತು. 2018ರ ‘ಸೆಲೆಸ್ಟ್’ ಆಟದ ವೇಗ ಇಳಿಸಲು, ಸಾವನ್ನೇ ನಿಲ್ಲಿಸಲು ಆಟಗಾರರಿಗೆ ಅವಕಾಶ ಕೊಟ್ಟಿತು. ಇದರಿಂದ ಆಟದ ಮಾನ ಕಡಿಮೆಯಾಗುತ್ತದೆ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆದರೆ ‘ಸೆಲೆಸ್ಟ್’ ಇಂದಿಗೂ ಕಠಿಣ ಆಟವೆಂದೇ ಹೆಸರಾಗಿದೆ, ಬೇಕೆಂದವರಿಗೆ ಆ ಕಾಠಿಣ್ಯ ಇದ್ದಲ್ಲೇ ಇದೆ.

ಕಂಟ್ರೋಲರ್ ಎಂದರೇನೆಂದೇ ಕಾಣದ ಕರ್ನಾಟಕದ ಅಸಂಖ್ಯ ಹುಡುಗ ಹುಡುಗಿಯರಿಗೆ ಆ ಎರಡು ಕಡ್ಡಿಗಳ ವಿದ್ಯೆ ಸಿಕ್ಕಿದ್ದು ಮೊಬೈಲ್ ಗಾಜಿನ ಮೇಲೆ. 2018ರಲ್ಲಿ ಬಂದ ‘ಪಬ್ಜಿ ಮೊಬೈಲ್’ ಎಡ ಹೆಬ್ಬೆರಳಿಗೆ ನಡಿಗೆ, ಬಲ ಹೆಬ್ಬೆರಳಿಗೆ ನೋಟ ಕೊಟ್ಟಿತು. ಅದಕ್ಕೂ ಹದಿನೆಂಟು ವರ್ಷ ಮೊದಲು ವಿಮರ್ಶಕರನ್ನು ಹೆದರಿಸಿದ ವ್ಯವಸ್ಥೆಯೇ ಅದು. 2020ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರ ಆ ಆಟವನ್ನು ನಿಷೇಧಿಸಿತು, 2021ರ ಜುಲೈಯಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮರಳಿತು. ಅದರಲ್ಲಿ ಅಭ್ಯಾಸ ಮಾಡಲು ತರಬೇತಿ ಮೈದಾನವಿದೆ, ಆದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನಾಲ್ವರ ತಂಡಕ್ಕೆ ಗೆಳೆಯರು ನೇರವಾಗಿ ಕರೆದುಕೊಳ್ಳುತ್ತಾರೆ, ಯಾವ ಗನ್ ಎತ್ತಿಕೊಳ್ಳಬೇಕು, ಯಾವ ಮನೆಯೊಳಗೆ ಹೋಗಬಾರದು ಎಂದು ಮೈಕಿನಲ್ಲೇ ಹೇಳಿಕೊಡುತ್ತಾರೆ. ವಿಮಾನದಿಂದ ಧುಮುಕುವಾಗ ಬೇರೊಬ್ಬರ ಹಿಂದೆ ಹೋಗುವ ಬಟನ್ ಒಂದು ಅಲ್ಲಿದೆ. ಹೊಸಬರು ಅದನ್ನು ಒತ್ತಿದರೆ ಪ್ಯಾರಾಚೂಟ್ ನಡೆಸುವ ಚಿಂತೆ ಇಲ್ಲ, ಆಡಿ ಪಳಗಿದ ಗೆಳೆಯರೇ ಅವರನ್ನು ತಮ್ಮ ಜೊತೆ ನೆಲಕ್ಕೆ ಇಳಿಸುತ್ತಾರೆ.